ಬಡೇಸೊಪ್ಪಿನ ತಟ್ಟೆಯಲ್ಲಿ ನಾನು ಎಷ್ಟು ಇಡುತ್ತೇನೆ

1984ರಲ್ಲಿ ಏಳನೇ ಕ್ಲಾಸು ಮುಗಿಸಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಮುಂಬಯಿಗೆ ಬಂದೆ. ಕೊಂಕಣ ರೈಲು ಆಗ ಇನ್ನೂ ಇರಲಿಲ್ಲ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಕೆಲಸ ಸಿಕ್ಕಿತು. ಊಟ, ಮಲಗುವ ಜಾಗ ಹೋಟೆಲಿನದ್ದೇ. ಸಂಬಳ ಮನಿಯಾರ್ಡರ್ ಆಗಿ ಊರಿಗೆ ಹೋಗುತ್ತಿತ್ತು. ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು ಟಿಪ್ಸಿನ ಪಾಲು ಮಾತ್ರ.

ಬಿಲ್ಲಿನ ಜೊತೆ ಬಡೇಸೊಪ್ಪಿನ ತಟ್ಟೆ ಹೋಗುತ್ತಿತ್ತು. ಗಿರಾಕಿಗಳು ಅದರಲ್ಲಿ ನಾಲ್ಕಾಣೆ, ಎಂಟಾಣೆ ಬಿಡುತ್ತಿದ್ದರು. ಅದನ್ನು ಎತ್ತಿಕೊಳ್ಳುವವನು ಸಪ್ಲೈಯರ್. ಎಂಜಲು ತಟ್ಟೆ ಎತ್ತಿ ಮೇಜು ಒರೆಸುವ ನಾವು ಅದಕ್ಕೆ ಕೈ ಹಾಕುವ ಹಾಗಿರಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಸಪ್ಲೈಯರ್ ತನ್ನ ಚಿಲ್ಲರೆ ಎಣಿಸಿ, ಹತ್ತು ರೂಪಾಯಿಗೆ ಎರಡರ ಲೆಕ್ಕದಲ್ಲಿ ತನ್ನ ಕ್ಲೀನರಿಗೆ ಕೊಡುತ್ತಿದ್ದ. ಕೊಡಲೇಬೇಕೆಂಬ ನಿಯಮ ಏನೂ ಇರಲಿಲ್ಲ. ನನ್ನ ಸಪ್ಲೈಯರ್ ಒಳ್ಳೆಯವನು, ಒಂದು ದಿನವೂ ತಪ್ಪಿಸಲಿಲ್ಲ. ಒಳಗೆ ಬೆಂಕಿಯ ಮುಂದೆ ದೋಸೆ ಹುಯ್ಯುತ್ತಿದ್ದ ಭಟ್ಟರಿಗೆ, ಪಾತ್ರೆ ತೊಳೆಯುವವರಿಗೆ ಆ ತಟ್ಟೆಯಿಂದ ಒಂದು ಪೈಸೆಯೂ ಹೋಗುತ್ತಿರಲಿಲ್ಲ.

ಆ ಚಿಲ್ಲರೆಯಲ್ಲೇ ನನ್ನ ಲೋಕಲ್ ರೈಲಿನ ಪಾಸು, ನೋಟ್‌ಬುಕ್ಕು ಎಲ್ಲ ಆಯಿತು. ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ. ಹೋಟೆಲಿನ ಹುಡುಗರೇ ತುಂಬಿದ್ದ ಕ್ಲಾಸು ಅದು. ಆಮೇಲೆ ರಾತ್ರಿ ಕಾಲೇಜು, ಬ್ಯಾಂಕಿನ ನೌಕರಿ. ಈಗ ನಿವೃತ್ತನಾಗಿ ಡೊಂಬಿವಲಿಯಲ್ಲಿದ್ದೇನೆ. ಆದರೆ ಯಾವ ಹೋಟೆಲಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮೇಜು ಒರೆಸುವ ಹುಡುಗನ ಕಡೆಗೆ.

ಎಷ್ಟು ಕೊಡಬೇಕು ಅಂತ ಪರಿಚಯದವರು ಕೇಳುತ್ತಾರೆ. ನಾನು ಕೊಡುವುದು ಹೀಗೆ. ಇಡ್ಲಿ, ದೋಸೆ, ಕಾಫಿ ಸೇರಿ ಬಿಲ್ಲು ನೂರರ ಒಳಗಿದ್ದರೆ ಹತ್ತು ರೂಪಾಯಿ. ಇನ್ನೂರು ಮುನ್ನೂರು ಆದರೆ ಸಪ್ಲೈಯರಿಗೆ ಇಪ್ಪತ್ತು, ಕ್ಲೀನರಿಗೆ ಬೇರೆಯಾಗಿ ಹತ್ತು. ಮನೆಯವರೆಲ್ಲ ಎ.ಸಿ. ಹೋಟೆಲಿಗೆ ಹೋಗಿ ಸಾವಿರದೈನೂರರ ಊಟ ಮಾಡಿದರೆ ನೂರರಿಂದ ನೂರೈವತ್ತು. ಬಿಲ್ಲು ಐದು ಸಾವಿರ ದಾಟಿದರೆ ಶೇಕಡಾ ಲೆಕ್ಕ ಬಿಟ್ಟು ಮುನ್ನೂರೋ ನಾನೂರೋ ಕೊಡುತ್ತೇನೆ. ಹುಟ್ಟಿದ ಹಬ್ಬಕ್ಕೆ ಇಪ್ಪತ್ತು ಜನ ಕೂತು ಎರಡು ಗಂಟೆ ಓಡಾಡಿಸಿದರೆ ಮಾತ್ರ ಈ ಲೆಕ್ಕ ಸಾಲದು. ಆ ದಿನ ಎಷ್ಟು ಹುಡುಗರು ಬಡಿಸಿದರು ಅಂತ ಎಣಿಸಿ, ತಲೆಗೆ ನೂರರಂತೆ ಕೊಡುತ್ತೇನೆ.

ಅಮೆರಿಕದಲ್ಲಿರುವ ಅಣ್ಣನ ಮಗ ಬಂದಾಗ ಶೇಕಡಾ 20 ಇಡಲು ಹೊರಟ. ಅಲ್ಲಿ ಕೇಂದ್ರದ ಕಾನೂನಿನಂತೆ, ಟಿಪ್ಸ್ ಸಿಗುವ ಕೆಲಸಗಾರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಪೂರ್ತಿ ಕನಿಷ್ಠ ಕೂಲಿಗೆ ಉಳಿದದ್ದು ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ ಕೊಡಬೇಕು. ನಮ್ಮಲ್ಲಿ ಸಂಬಳ ಬೇರೆ, ಟಿಪ್ಸ್ ಬೇರೆ. ಹಾಗಾಗಿ ಅಲ್ಲಿಯ ಲೆಕ್ಕ ಇಲ್ಲಿಗೆ ಬೇಡ ಅಂದೆ. ಆದರೂ ಅವನು ಕೊಟ್ಟ. ನಾನು ತಡೆಯಲಿಲ್ಲ. ಪಡೆದ ಹುಡುಗನ ಮುಖ ನೋಡಿದ ಮೇಲೆ ತಡೆಯಲು ಮನಸ್ಸೂ ಬರಲಿಲ್ಲ.

ಮೊತ್ತಕ್ಕಿಂತ ನನಗೆ ಮುಖ್ಯ ಅದು ಯಾರ ಕೈ ಸೇರುತ್ತದೆ ಎನ್ನುವುದು. ಎರಡು ವರ್ಷದ ಹಿಂದೆ ಮಗಳು ಲೋವರ್ ಪರೇಲಿನ ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದಳು. ಬಿಲ್ಲಿನಲ್ಲಿ ಶೇಕಡಾ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಬಡಿಸಿದ ಹುಡುಗ ಬೈಂದೂರಿನವನು, ನಮ್ಮ ಮಾತು ಕೇಳಿಯೇ ಗುರುತು ಹಿಡಿದಿದ್ದ. ‘ಇದು ನಿಂಗೆ ಸಿಗುತ್ತಾ ಮಾರಾಯ?’ ಅಂತ ಮೆಲ್ಲಗೆ ಕೇಳಿದೆ. ‘ತಿಂಗಳ ಕೊನೆಗೆ ಸ್ವಲ್ಪ ಕೊಡ್ತಾರೆ ಅಂಕಲ್. ಎಷ್ಟು ಬಂತು, ಎಷ್ಟು ಕೊಟ್ರು ಅಂತ ನಮ್ಗೆ ಗೊತ್ತಾಗಲ್ಲ’ ಅಂದ. ನನಗೆ ಹೊಟ್ಟೆ ಉರಿಯಿತು.

ಮ್ಯಾನೇಜರನ್ನು ಕರೆದು ಆ ಸಾಲು ತೆಗೆಯಲು ಹೇಳಿದೆ. ಮೊದಲು ಮುಖ ಗಂಟಿಕ್ಕಿದರು, ಆಮೇಲೆ ತೆಗೆದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಸರ್ವಿಸ್ ಚಾರ್ಜನ್ನು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಹೋಟೆಲುಗಳ ಸಂಘಗಳು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನೇ ಎತ್ತಿ ಹಿಡಿಯಿತು. ಹೋಟೆಲಿನವರು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಬ್ಯಾಂಕಿನಲ್ಲಿ ಇದ್ದವನಾದ್ದರಿಂದ ಲೆಕ್ಕ ಹಾಕಿ ಮಗಳಿಗೆ ತೋರಿಸಿದೆ. ಸಾವಿರ ರೂಪಾಯಿಯ ಊಟ ಅಂತ ಇಟ್ಟುಕೊಳ್ಳಿ. ನೂರು ಸರ್ವಿಸ್ ಚಾರ್ಜ್ ಸೇರಿದರೆ ಶೇಕಡಾ 5 ಜಿಎಸ್‌ಟಿ ಬೀಳುವುದು 1,100ರ ಮೇಲೆ. ಒಟ್ಟು 1,155. ಅದನ್ನು ತೆಗೆಸಿದರೆ ಬಿಲ್ಲು 1,050. ಆ ನೂರನ್ನು ಹುಡುಗನ ಕೈಗೇ ಕೊಟ್ಟರೆ ನನಗೆ 1,150 ಖರ್ಚು, ಅವನಿಗೆ ಪೂರ್ತಿ ನೂರು. ತೆಗೆಸಿದ ಮೇಲೆ ಕೈಗೆ ಕೊಡದೆ ಎದ್ದು ಬಂದರೆ ಅದು ದೊಡ್ಡ ತಪ್ಪು. ನಷ್ಟ ಮಾಲೀಕನಿಗಲ್ಲ, ಆ ಹುಡುಗನಿಗೇ ಅಲ್ವಾ?

ಕಾರ್ಡಿನಲ್ಲಿ ಟಿಪ್ಸ್ ಸೇರಿಸುವ ಬಗ್ಗೆಯೂ ಒಂದು ಮಾತು. 2016ರಲ್ಲಿ ಐಟಿಸಿ ಕಂಪನಿಯ ಹೋಟೆಲುಗಳ ತೆರಿಗೆ ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಗಿರಾಕಿ ಖುಷಿಯಿಂದ ಕೊಟ್ಟ ಟಿಪ್ಸ್ ಮಾಲೀಕ ಕೊಡುವ ಸಂಬಳ ಅಲ್ಲ. ಕಾರ್ಡಿನಲ್ಲಿ ಬಂದರೂ ಅದು ಕೆಲಸಗಾರರದ್ದೇ, ಹೋಟೆಲು ಅವರ ಪರವಾಗಿ ಇಟ್ಟುಕೊಂಡು ಹಂಚುತ್ತದೆ ಅಷ್ಟೇ. ಆದರೂ ನಾನು ಕಾರ್ಡಿನಲ್ಲಾಗಲಿ, ಗಲ್ಲಾದ ಕ್ಯೂಆರ್ ಕೋಡಿನಲ್ಲಾಗಲಿ ಟಿಪ್ಸ್ ಹಾಕುವುದಿಲ್ಲ. ಅದು ಮೊದಲು ಹೋಗುವುದು ಮಾಲೀಕರ ಖಾತೆಗೆ. ನಗದು ಇಲ್ಲದ ದಿನ ಹುಡುಗನದೇ ನಂಬರಿಗೆ ಕಳಿಸಲಾ ಅಂತ ಕೇಳುತ್ತೇನೆ. ಕೆಲವು ಕಡೆ ಹುಡುಗರ ಹತ್ತಿರ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ, ಆಗ ನಂಬರು ಬರೆಸಿಕೊಂಡು ಮನೆಗೆ ಬಂದು ಕಳಿಸಿದ್ದೂ ಇದೆ.

ಲಾಡ್ಜಿನಲ್ಲಿ, ರೆಸಾರ್ಟಿನಲ್ಲಿ ಉಳಿದಾಗ ತುಂಬಾ ಜನ ಮರೆಯುವುದು ರೂಮು ಗುಡಿಸುವವರನ್ನು. ಗೋವಾಕ್ಕೆ ಹೋದಾಗ ಮೊದಮೊದಲು ನಾನೂ ಹೊರಡುವ ದಿನ ಒಟ್ಟಿಗೆ ಕೊಡುತ್ತಿದ್ದೆ. ಒಮ್ಮೆ ಹಾಗೆ ಕೊಟ್ಟಾಗ, ಆ ಹೆಂಗಸು ‘ನಾನು ಇವತ್ತಷ್ಟೇ ಈ ಮಹಡಿಗೆ ಬಂದವಳು, ಮೂರು ದಿನ ಮಾಡಿದವಳಿಗೆ ಇಂದು ರಜೆ’ ಅಂದಳು. ಅವಳು ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಂದಿನಿಂದ ದಿನಕ್ಕೆ ನೂರರ ಹಾಗೆ ಅಂದಂದೇ ಇಡುತ್ತೇನೆ. ಸುಮ್ನೆ ನೋಟು ಇಟ್ಟರೆ ಅವರು ಮುಟ್ಟುವುದಿಲ್ಲ, ಕಳವಿನ ಆರೋಪ ಬಂದೀತು ಅಂತ ಹೆದರಿಕೆ. ಒಂದು ಚೀಟಿಯಲ್ಲಿ ‘ರೂಮು ಗುಡಿಸಿದವರಿಗೆ’ ಅಂತ ಹಿಂದಿಯಲ್ಲಿ ಬರೆದು ದಿಂಬಿನ ಮೇಲೆ ಇಡಬೇಕು. ಸಾಮಾನು ಎತ್ತಿ ತಂದವರಿಗೆ ಐವತ್ತು. ಸಮುದ್ರದ ದಂಡೆಯ ಶ್ಯಾಕುಗಳಲ್ಲಿ, ಅಂದರೆ ತಾತ್ಕಾಲಿಕ ಗುಡಿಸಲು ಹೋಟೆಲುಗಳಲ್ಲಿ, ನಾನು ಸ್ವಲ್ಪ ಜಾಸ್ತಿಯೇ ಕೊಡುತ್ತೇನೆ. ಮಳೆಗಾಲಕ್ಕೆ ಶ್ಯಾಕು ಬಿಚ್ಚುತ್ತಾರೆ, ಆಮೇಲೆ ಅಲ್ಲಿ ಆ ಕೆಲಸ ಇರುವುದಿಲ್ಲ.

ಮನೆಗೆ ಊಟ ತರುವ ಹುಡುಗರಿಗೆ ಇಪ್ಪತ್ತು, ಜುಲೈ ಮಳೆಯಲ್ಲಿ ನೆನೆದು ಬಂದರೆ ಐವತ್ತು ಮತ್ತು ಬಿಸಿ ಚಹಾ.

ಸೇವೆ ಸರಿ ಇಲ್ಲದಿದ್ದರೆ? ತಡವಾದದ್ದು ಅಡುಗೆಮನೆಯಿಂದಲಾದರೆ ಟಿಪ್ಸ್ ಕಡಿಮೆ ಮಾಡುವುದಿಲ್ಲ. ಸಪ್ಲೈಯರ್ ಬೇಕಂತಲೇ ಅಸಡ್ಡೆ ಮಾಡಿದರೆ ಅವನಿಗೆ ಕೊಡದೆ ಕ್ಲೀನರಿಗೆ ಮಾತ್ರ ಕೊಟ್ಟು ಬರುತ್ತೇನೆ. ಇಂಥದ್ದು ತೀರಾ ಅಪರೂಪ.

ಒಳಗಿನವರಿಗೆ ತಲುಪಿಸುವುದೇ ಕಷ್ಟ. ಮಾಟುಂಗಕ್ಕೆ ಹೋದಾಗ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಿನವರೆಗೆ ಹೋಗುತ್ತೇನೆ. ‘ಭಟ್ರೇ, ಸಾರು ಒಳ್ಳೇದಿತ್ತು’ ಅಂತ ಹೇಳಿ ಐವತ್ತು ಕೈಯಲ್ಲಿ ಇಡುತ್ತೇನೆ. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಇಪ್ಪತ್ತು.

ಇದಕ್ಕೆಲ್ಲ ಚಿಲ್ಲರೆ ಬೇಕು. ಈಗ ಎಲ್ಲರ ಕೈಯಲ್ಲೂ ಫೋನೇ, ಹೋಟೆಲಿನ ಗಲ್ಲಾದಲ್ಲೂ ಚಿಲ್ಲರೆ ಸಿಗುವುದಿಲ್ಲ. ಪಿಂಚಣಿ ಬಂದ ವಾರ ನನ್ನ ಹಳೆಯ ಬ್ರಾಂಚಿಗೆ ಹೋಗಿ ಹತ್ತರದ್ದೊಂದು, ಇಪ್ಪತ್ತರದ್ದೊಂದು ಕಟ್ಟು ತರುತ್ತೇನೆ. ಹೊರಗೆ ಹೊರಟಾಗ ಅಂಗಿಯ ಜೇಬಿಗೆ ಏಳೆಂಟು ನೋಟು ಹಾಕಿಕೊಳ್ಳುತ್ತೇನೆ. ಮರೆತರೆ ಹೆಂಡತಿಯೇ ಬಾಗಿಲಿಗೆ ತಂದುಕೊಡುತ್ತಾಳೆ.