ಗೋಡೆ ಮೇಲಿನ ಕ್ರೇಯಾನ್ಸ್ ಗೆರೆ: ಒಂದು ಮಳೆಗಾಲದಲ್ಲಿ ನಾನು ಕಲಿತದ್ದು

ಕಳೆದ ವರ್ಷ ಜುಲೈನಲ್ಲಿ ನಡೆದದ್ದು. ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಹೇಗಿರುತ್ತದೆ ಅಂತ ಗೊತ್ತಲ್ವಾ? ನಾಲ್ಕು ದಿನ ಒಂದೇ ಸಮ ಸುರಿಯಿತು. ಶಾಲೆಗೆ ರಜೆ. ನಾಲ್ಕೂವರೆ ವರ್ಷದ ಮಗಳಿಗೆ ಅಂಗಳಕ್ಕೂ ಇಳಿಯುವ ಹಾಗಿಲ್ಲ. ನನ್ನ ತಮ್ಮ ಶಿವಮೊಗ್ಗದಿಂದ ಬರುವಾಗ ಅವಳಿಗೆ 24 ಬಣ್ಣದ ಕ್ರೇಯಾನ್ಸ್ ಡಬ್ಬಿ ತಂದುಕೊಟ್ಟಿದ್ದ. ನಾನು ಅಡುಗೆಮನೆಯಲ್ಲಿ ಕಳಲೆ ಹೆಚ್ಚುತ್ತಾ ಕೂತಿದ್ದೆ. ಹೊರಗೆ ಬಂದು ನೋಡಿದರೆ ಜಗಲಿಯ ಗೋಡೆ ತುಂಬಾ ರೈಲು. ಬಾಗಿಲ ಚೌಕಟ್ಟಿನಿಂದ ಶುರುವಾಗಿ ಕಿಟಕಿವರೆಗೆ, ಕೆಂಪು, ನೀಲಿ, ಕಪ್ಪು ಡಬ್ಬಿಗಳು. ಅಲ್ಲಿಗೆ ನಿಲ್ಲದೆ ಹಾಲ್‌ನ ಗೋಡೆ, ಮರದ ಕಂಬ, ಫ್ರಿಜ್ ಎಲ್ಲಕ್ಕೂ ರೈಲು ಹೋಗಿತ್ತು.

ನಾನು ತಕ್ಷಣ ಮಾಡಿದ್ದು ದೊಡ್ಡ ತಪ್ಪು. ಬಕೆಟ್‌ನಲ್ಲಿ ಸೋಪಿನ ಪುಡಿ ಕಲಸಿ, ಬಟ್ಟೆ ಅದ್ದಿ ಜಗಲಿ ಗೋಡೆಯನ್ನು ತಿಕ್ಕಿದೆ. ಕ್ರೇಯಾನ್ಸ್ ಹೋಗಲಿಲ್ಲ. ಅದರ ಬದಲು ಗೋಡೆಯ ಬಣ್ಣವೇ ಹಾಲಿನ ಹಾಗೆ ಕರಗಿ ಇಳಿಯಿತು. "ನೀರು ಹಾಕ್ಬೇಡ ಮಾರಾಯ್ತಿ, ಗೋಡೆ ಮೊದಲೇ ನೀರು ಕುಡಿದು ಕೂತಿದೆ" ಅಂತ ಅತ್ತೆ ಹೇಳುವಷ್ಟರಲ್ಲಿ ಅಂಗೈ ಅಗಲದ ಜಾಗ ಬೋಳಾಗಿತ್ತು. ಅತ್ತೆ ಹೇಳಿದ್ದು ಸರಿ. ಆ ಗೋಡೆಗೆ ಹಚ್ಚಿದ್ದು ಡಿಸ್ಟೆಂಪರ್. ಮಳೆಗಾಲದ ತೇವ ಹೀರಿಕೊಂಡ ಡಿಸ್ಟೆಂಪರ್ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಗೆರೆಗಿಂತ ಮೊದಲು ಬಣ್ಣವೇ ಎದ್ದು ಬರುತ್ತದೆ.

ಕ್ರೇಯಾನ್ಸ್ ಅಂದರೆ ಹೆಚ್ಚಿನ ಪಾಲು ಮೇಣ. ಮೇಣದ ಬತ್ತಿಗೆ ಬಳಸುವ ಪ್ಯಾರಾಫಿನ್ ಮೇಣಕ್ಕೇ ಬಣ್ಣದ ಪುಡಿ ಸೇರಿಸಿ ಕಡ್ಡಿ ಮಾಡುತ್ತಾರೆ. ಮೇಣಕ್ಕೆ ನೀರು ಹತ್ತುವುದಿಲ್ಲ. ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ ಜಾರಿ ಹೋಗುತ್ತದೆ. ಅದು ಬಗ್ಗುವುದು ಬಿಸಿಗೆ ಮತ್ತು ಎಣ್ಣೆಗೆ. ಆದರೆ ಎಣ್ಣೆ ಎಲ್ಲ ಕಡೆ ಆಗುವುದಿಲ್ಲ. ಹಾಗಾಗಿ ಗೆರೆ ಒರೆಸುವ ಮೊದಲು ಗೋಡೆ ಯಾವುದು ಅಂತ ನೋಡಬೇಕು.

ನೋಡುವುದು ಸುಲಭ. ಗೋಡೆ ಒಣಗಿರುವಾಗ ಮೂಲೆಯಲ್ಲಿ ಬೆರಳಿನಿಂದ ಉಜ್ಜಿ. ಬೆರಳಿಗೆ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಹತ್ತದೆ ನಯವಾಗಿದ್ದರೆ ಎಮಲ್ಷನ್, ಅಂದರೆ ಒದ್ದೆ ಬಟ್ಟೆ ತಾಳುವ ಪೇಂಟ್ ಇರಬೇಕು. ನಮ್ಮ ಹಾಲ್ ಗೋಡೆ ಎಮಲ್ಷನ್ನಿನದು, ಅಲ್ಲಿ ಕೆಲಸ ಸಲೀಸಾಯಿತು. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಅದರ ಮೇಲೆ ಚಿಟಿಕೆ ಅಡುಗೆ ಸೋಡಾ ಹಾಕಿ, ಸುಮ್ನೆ ಸುತ್ತು ಸುತ್ತಾಗಿ ಉಜ್ಜಿದೆ. ಒತ್ತಿ ಉಜ್ಜಬಾರದು. ಸೋಡಾದ ನುಣ್ಣನೆ ಹರಳು ಮೇಣವನ್ನು ಮೆಲ್ಲಗೆ ಕೆರೆದು ತೆಗೆಯುತ್ತದೆ. ಜಾಸ್ತಿ ಒತ್ತಿದರೆ ಆ ಜಾಗ ಮಾತ್ರ ಹೊಳೆಯಲು ಶುರುವಾಗುತ್ತದೆ, ಅದು ಗೆರೆಗಿಂತ ಎದ್ದು ಕಾಣುತ್ತದೆ. ಮೊದಲು ಸೋಫಾ ಹಿಂದೆ ಬೆರಳಷ್ಟು ಜಾಗದಲ್ಲಿ ಮಾಡಿ ನೋಡಿಕೊಂಡೇ ಮುಂದೆ ಬಂದೆ. ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸಬೇಕು. ಇಲ್ಲದಿದ್ದರೆ ಎದ್ದ ಕೆಂಪು ಮೇಣವನ್ನು ನಾವೇ ಪಕ್ಕಕ್ಕೆ ಬಳಿಯುತ್ತೇವೆ.

ಕಪ್ಪು ಮತ್ತು ಕಡುಗೆಂಪು ದಪ್ಪ ಗೆರೆಗಳು ಇದಕ್ಕೂ ಜಗ್ಗಲಿಲ್ಲ. ಅವಕ್ಕೆ ಹೇರ್ ಡ್ರೈಯರ್ ಹಿಡಿದೆ. 50 ಡಿಗ್ರಿ ದಾಟುವ ಹೊತ್ತಿಗೆ ಮೇಣ ಮೆತ್ತಗಾಗುತ್ತದೆ, ಒಂದು ಕೈಯಲ್ಲಿ ಬಿಸಿಗಾಳಿ, ಇನ್ನೊಂದು ಕೈಯಲ್ಲಿ ಒಣಬಟ್ಟೆ. ಮೆತ್ತಗಾದ ಕೂಡಲೇ ಒರೆಸಬೇಕು. ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ನಮ್ಮಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಇಂಥ ಕೆಲಸಕ್ಕೆ ಕೂರುವುದು ಕಷ್ಟ, ಮೂರು ಸಲ ನಿಂತು ಮಾಡಿದೆ.

ಜಗಲಿಯ ಡಿಸ್ಟೆಂಪರ್ ಗೋಡೆಯನ್ನು ಮಾತ್ರ ಹಾಗೇ ಬಿಟ್ಟೆ. ಬಂದವರೆಲ್ಲ ರೈಲು ನೋಡಿದರು, ನೋಡಲಿ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಿದ್ದು ಗೋಡೆ ಒಣಗಿದ ಮೇಲೆ ಕೈ ಹಾಕಿದೆ. ಮೊದಲು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೇಲೆ ಕೂತಿದ್ದ ಮೇಣವನ್ನು ಕೆರೆದೆ. ಆಮೇಲೆ ಗೆರೆ ಮೇಲೆ ಟಿಶ್ಯೂ ಪೇಪರ್ ಇಟ್ಟು, ಕಡಿಮೆ ಬಿಸಿಯ ಇಸ್ತ್ರಿ ಪೆಟ್ಟಿಗೆಯನ್ನು ಒಂದೆರಡು ಉಸಿರಿನಷ್ಟು ಹೊತ್ತು ಒತ್ತಿ ಎತ್ತಿದೆ. ಮೇಣ ಪೇಪರಿಗೆ ಬರುತ್ತದೆ. ಪ್ರತಿ ಸಲ ಹೊಸ ಪೇಪರ್. ನ್ಯೂಸ್ ಪೇಪರ್ ಬೇಡ, ಅದರ ಇಂಕು ಗೋಡೆಗೆ ಹತ್ತಬಹುದು. ಗೋಡೆ ಒದ್ದೆ ಇದ್ದರೆ, ಸ್ವಿಚ್ ಬೋರ್ಡ್ ಹತ್ತಿರ ಇದ್ದರೆ ಇದನ್ನು ಮಾಡಲೇಬಾರದು. ಮಗು ಮಲಗಿರುವ ಹೊತ್ತು ನೋಡಿ ಮಾಡಿದರೆ ಒಳ್ಳೆಯದು.

ಯಾರೋ ಕೊಬ್ಬರಿ ಎಣ್ಣೆ ಹಚ್ಚು ಅಂದಿದ್ದರು. ಡಿಸ್ಟೆಂಪರ್ ಗೋಡೆಗೆ, ಸುಣ್ಣದ ಗೋಡೆಗೆ ಎಣ್ಣೆ ಮುಟ್ಟಿಸಬೇಡಿ. ಗೋಡೆ ಅದನ್ನು ಕುಡಿದುಬಿಡುತ್ತದೆ, ಕಲೆ ಆಮೇಲೆ ಹೋಗುವುದಿಲ್ಲ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ. ಇನ್ನೊಬ್ಬರು ಸೀಮೆಎಣ್ಣೆ ಅಂದರು. ಮೇಣ ಕರಗುವುದು ನಿಜ, ಆದರೆ ಮಕ್ಕಳಿರುವ ಮನೆಯ ಗೋಡೆಗೆ ನಾನು ಅದನ್ನು ಹಚ್ಚಲಾರೆ.

ಎಣ್ಣೆ ಚೆನ್ನಾಗಿ ಕೆಲಸ ಮಾಡಿದ್ದು ಕಂಬದ ಮೇಲೆ. ಪಾಲಿಶ್ ಮಾಡಿದ ಹಲಸಿನ ಮರದ ಕಂಬ ಅದು. ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿದೆ, ಒಣಬಟ್ಟೆಯಲ್ಲಿ ಒರೆಸಿದೆ, ಆಯಿತು. ರೆಡ್ ಆಕ್ಸೈಡ್ ನೆಲಕ್ಕೂ ಅದೇ. ಅಲ್ಲಿ ಎಣ್ಣೆಯ ಪಸೆ ಉಳಿದರೆ ಮಗು ಜಾರುತ್ತದೆ, ಅದನ್ನು ಮಾತ್ರ ಸೋಪಿನಲ್ಲಿ ಒರೆಸಬೇಕು. ಫ್ರಿಜ್, ಸ್ಟೀಲ್ ಬೀರುಗೆ ಎಣ್ಣೆ, ಆಮೇಲೆ ಲಿಕ್ವಿಡ್. ಕಿಟಕಿ ಗಾಜಿಗೆ ಬಿಸಿ ಸೋಪುನೀರೇ ಸಾಕಾಯಿತು. ದಿಂಬಿನ ಕವರಿಗೆ ಕೆಳಗೂ ಮೇಲೂ ಟಿಶ್ಯೂ ಇಟ್ಟು ಇಸ್ತ್ರಿ ಮಾಡಿ ಆಮೇಲೆ ಒಗೆದೆ. ಒಗೆದು ಇಸ್ತ್ರಿ ಮಾಡಿದರೆ ಮೇಣ ನೂಲಿನೊಳಗೆ ಇಳಿದು ಕೂರುತ್ತದೆ, ಆ ಕ್ರಮ ತಪ್ಪಬಾರದು.

ಮಗಳಿಗೆ ಬೈಯಲಿಲ್ಲ. ಗೋಡೆ ಮೇಲೆ ಚಿತ್ರ ಬರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಕಣ್ಣು ತುಂಬಿ ಬರುತ್ತದೆ. ಮಗಳಿಗೂ ಬರೆಯಲು ಗೋಡೆ ಬೇಕು ಅನ್ನಿಸಿತು. ಪ್ಲೈವುಡ್ ಹಲಗೆಗೆ ಕಪ್ಪು ಬೋರ್ಡಿನ ಪೇಂಟ್ ಬಳಿಸಿ, ಹಿಂಬದಿಯ ಜಗಲಿಯಲ್ಲಿ ಅವಳ ಎದೆಮಟ್ಟಕ್ಕೆ ಹೊಡೆಸಿದೆವು. ಅದರ ಮೇಲೆ ಸೀಮೆಸುಣ್ಣ, ಕ್ರೇಯಾನ್ಸ್ ಕಾಗದಕ್ಕೆ ಮಾತ್ರ ಅಂತ ಒಪ್ಪಂದ. ಒಪ್ಪಂದ ಎರಡು ಸಲ ಮುರಿದಿದೆ, ಅಷ್ಟೇ.

ಜಗಲಿಯಲ್ಲಿ ಇಸ್ತ್ರಿ ಆದ ಮೇಲೂ ರೈಲಿನ ನೆರಳು ಉಳಿದಿತ್ತು. ದೀಪಾವಳಿಗೆ ಮುಂಚೆ ಅಲ್ಲಿಗೆ ಬಣ್ಣ ಹಚ್ಚಿಸಿದೆವು. ಮೇಣದ ಮೇಲೆ ನೇರವಾಗಿ ಬಳಿದರೆ ಹೊಸ ಬಣ್ಣ ಹಿಡಿಯುವುದಿಲ್ಲ. ಅದಕ್ಕೆ ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿಸಿ, ಧೂಳು ಒರೆಸಿ, ಪ್ರೈಮರ್ ಒಂದು ಕೋಟ್ ಹಾಕಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣ ಬಳಿಸಿದ್ದು. ಈ ಸಲ ಡಿಸ್ಟೆಂಪರ್ ಬೇಡ ಅಂತ ಸೊಂಟದ ಮಟ್ಟದವರೆಗೆ ತೊಳೆಯಬಹುದಾದ ಎಮಲ್ಷನ್ ಹಚ್ಚಿಸಿದೆ. ಅದಾಗಿ ಇನ್ನೊಂದು ಮಳೆಗಾಲ ಕಳೆಯುತ್ತಾ ಬಂತು. ಆ ಜಾಗದಲ್ಲಿ ಬಣ್ಣ ಎದ್ದಿಲ್ಲ.