ಜಪಾನಿನ ಲೈಟ್‌ಹೌಸ್‌ನ ಚರಿತ್ರೆಯನ್ನು ಅಲ್ಲೇ ನಿಂತು ಓದುವುದು ಹೇಗೆ?

ಜಪಾನಿನ ಕರಾವಳಿಗೆ ಹೋದವರು ಲೈಟ್‌ಹೌಸ್ ಕಂಡ ಕೂಡಲೇ ಮೆಟ್ಟಿಲು ಹತ್ತಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಗೋಡೆಯಲ್ಲಿ ಫಲಕ ಇದೆಯಾ ಅಂತ ಹುಡುಕಿ. ಮೊದಲ ಸಲ ದೀಪ ಹೊತ್ತಿಸಿದ ದಿನ ಅದರಲ್ಲಿರುತ್ತದೆ, ಹೆಚ್ಚಾಗಿ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ. ಮೇಜಿ ವರ್ಷವಾದರೆ 1867 ಕೂಡಿಸಿ, ತೈಶೊ ಆದರೆ 1911, ಶೋವಾ ಆದರೆ 1925. ಮೇಜಿ 7 ಅಂದರೆ 1874, ಅಷ್ಟೇ. ಆದರೆ 1873ಕ್ಕಿಂತ ಮುಂಚೆ ಅಲ್ಲಿ ಹಳೆಯ ಪಂಚಾಂಗ ನಡೆಯುತ್ತಿತ್ತು, ಹಾಗಾಗಿ ಆ ಕಾಲದ ತಿಂಗಳು, ತಾರೀಖನ್ನು ಇದ್ದ ಹಾಗೇ ನಂಬಬೇಡಿ. ಉದಾಹರಣೆಗೆ, ಟೋಕಿಯೊ ಕೊಲ್ಲಿಯ ಬಾಯಲ್ಲಿರುವ ಕನ್ನೊನ್‌ಜಾಕಿ ಲೈಟ್‌ಹೌಸ್‌ನ ದೀಪ ಹೊತ್ತಿದ್ದು ಮೇಜಿ 2ರ ಮೊದಲ ತಿಂಗಳ ಮೊದಲ ದಿನ. ಈಗಿನ ಕ್ಯಾಲೆಂಡರ್‌ನಲ್ಲಿ ಅದು 1869ರ ಫೆಬ್ರವರಿ 11. ಪಾಶ್ಚಾತ್ಯ ಮಾದರಿಯಲ್ಲಿ ಜಪಾನ್ ಕಟ್ಟಿದ ಮೊದಲ ಲೈಟ್‌ಹೌಸ್ ಅದು.

ಆಮೇಲೆ, ಮತ್ತೆ ಕಟ್ಟಿದ ವರ್ಷ ಬೇರೆ ಇದೆಯಾ ನೋಡಿ. ಇದನ್ನು ಬಿಟ್ಟರೆ ಚರಿತ್ರೆಯ ಅರ್ಧ ಕೈತಪ್ಪಿ ಹೋಗುತ್ತದೆ. ಕನ್ನೊನ್‌ಜಾಕಿಯಲ್ಲಿ ಈಗ ಕಾಣುವುದು ಮೂರನೆಯ ಗೋಪುರ. ಫ್ರೆಂಚ್ ಎಂಜಿನಿಯರ್ ವೆರ್ನಿ ಕಾಲದ ಇಟ್ಟಿಗೆ ಕಟ್ಟಡ 1922ರ ಭೂಕಂಪಕ್ಕೆ ಹಾಳಾಯಿತು. ಎರಡನೆಯದನ್ನು ಕಟ್ಟಿ ಮುಗಿಸಿದ ವರ್ಷವೇ, 1923ರ ಸೆಪ್ಟೆಂಬರ್‌ನಲ್ಲಿ, ಮಹಾ ಕಾಂಟೊ ಭೂಕಂಪ ಅದನ್ನೂ ಕೆಡವಿತು. ಈಗಿನದು 1925ರದ್ದು.

ಇನ್ನು ಗೋಡೆ. ಇದಕ್ಕೆ ಚಿಬಾ ಪ್ರಾಂತ್ಯದ ಇನುಬೊಸಾಕಿ ಲೈಟ್‌ಹೌಸ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಚೋಶಿ ಊರಿನಿಂದ ಪುಟ್ಟ ರೈಲಿನಲ್ಲಿ ಇನುಬೊ ಸ್ಟೇಷನ್‌ಗೆ ಹೋಗಿ ಸ್ವಲ್ಪ ನಡೆದರೆ ಸಾಕು. ಸುಮಾರು 31 ಮೀಟರ್ ಎತ್ತರದ ಬಿಳಿ ಗೋಪುರ, ಒಳಗೆ 99 ಮೆಟ್ಟಿಲು. ಬಣ್ಣದ ಕೆಳಗಿರುವುದು ಇಟ್ಟಿಗೆ, ಅದೂ ಜಪಾನಿನಲ್ಲೇ ಸುಟ್ಟಿದ್ದು, ಸುಮಾರು 1,93,000. ಸ್ಕಾಟ್ಲೆಂಡಿನ ಎಂಜಿನಿಯರ್ ರಿಚರ್ಡ್ ಹೆನ್ರಿ ಬ್ರಂಟನ್‌ಗೆ ಆ ಇಟ್ಟಿಗೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ, ಅದಕ್ಕೇ ಒಂದರೊಳಗೆ ಒಂದು ಅಂತ ಎರಡು ಗೋಡೆ ಕಟ್ಟಿಸಿದ. 1874ರ ನವೆಂಬರ್ 15ರಂದು ದೀಪ ಹೊತ್ತಿತು. ಕನ್ನೊನ್‌ಜಾಕಿಯನ್ನು ಕೆಡವಿದ 1923ರ ಭೂಕಂಪವನ್ನೂ ತಡೆದುಕೊಂಡು ಆ ಇಟ್ಟಿಗೆಗಳು ಇನ್ನೂ ನಿಂತಿವೆ, ದೊಡ್ಡ ವಿಷಯ ಅಲ್ವಾ? ಹತ್ತುವಾಗ ಕಿಟಕಿಗಳ ಹತ್ತಿರ ಗೋಡೆಯ ದಪ್ಪ ಗಮನಿಸಿ.

ಇಷ್ಟೆಲ್ಲ ಯಾಕೆ ಕಟ್ಟಿದರು ಅಂದರೆ, 1866ರಲ್ಲಿ ಬ್ರಿಟನ್, ಫ್ರಾನ್ಸ್, ಅಮೆರಿಕ, ನೆದರ್ಲೆಂಡ್ಸ್ ಜೊತೆ ಆದ ಒಪ್ಪಂದದಲ್ಲಿ, ಹಡಗುಗಳಿಗೆ ದಾರಿ ತೋರುವ ದೀಪ ಹಾಕಿಸುವುದಾಗಿ ಜಪಾನ್ ಮಾತು ಕೊಟ್ಟಿತ್ತು.

ಇನುಬೊಸಾಕಿಯ ಗೋಪುರದಿಂದ ಇಳಿದು ಬಂದ ಮೇಲೆ ಪಕ್ಕದ ಕಮಾನು ಛಾವಣಿಯ ಕಬ್ಬಿಣದ ಕಟ್ಟಡ ನೋಡದೆ ಹೊರಡಬೇಡಿ. 1910ರಿಂದ ಮಂಜು ಕವಿದಾಗ ಹಡಗುಗಳಿಗೆ ಸೈರನ್ ಕೂಗಿಸುತ್ತಿದ್ದದ್ದು ಅಲ್ಲಿಂದಲೇ. 2008ರಲ್ಲಿ ಅದು ನಿಂತಿತು. ಗಾಳಿ, ಮಳೆ ಜಾಸ್ತಿ ಇದ್ದ ದಿನ ಗೋಪುರ ಹತ್ತಲು ಬಿಡದೇ ಇರಬಹುದು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.