ಬಿರುಕು ಬಿಟ್ಟ ಕೋರ್ಟು, ದೊಡ್ಡಪ್ಪನ ರೋಣಗಲ್ಲು

ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನ ನಾಯಿಯೂ ರಸ್ತೆ ದಾಟುವುದಿಲ್ಲ. ಆದರೆ ಸಂಜೆಯ ವಾಲಿಬಾಲ್ ಮಾತ್ರ ನಿಲ್ಲುವಂತಿಲ್ಲ. ಶಾಲೆಗೆ ರಜೆ, ಹೊಲದಲ್ಲಿ ಕೆಲಸವಿಲ್ಲ, ಬೆಂಗಳೂರು ಸೇರಿದ ಹುಡುಗರು ಜಾತ್ರೆಗೆ ಅಂತ ಬಂದಿರುತ್ತಾರೆ. ಆಟ ಜಾಸ್ತಿ ಆಗುವುದೂ, ಕೋರ್ಟು ಹಾಳಾಗುವುದೂ ಒಂದೇ ಹೊತ್ತಿಗೆ.

ನನ್ನದು ಎಲೆಕ್ಟ್ರಿಕಲ್ ಅಂಗಡಿ. ಕೋರ್ಟಿಗೆ ಲೈಟ್ ಕಟ್ಟಲು ಹೋದವನು ಹಾಗೇ ಅದರ ಉಸ್ತುವಾರಿಗೆ ಸಿಕ್ಕಿಕೊಂಡೆ.

ಜಾಗ ಎರೆಮಣ್ಣಿನದು. ಮಾರ್ಚ್ ಬಂತೆಂದರೆ ಬೆರಳು ತೂರುವಷ್ಟು ಬಿರುಕು. ಮೊದಲ ಬೇಸಿಗೆಯಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ದಿನಾ ಸಂಜೆ ನಾಲ್ಕಕ್ಕೆ ಪೈಪ್ ಹಿಡಿದು ನೀರು ಬಿಟ್ಟೆ. ಮೇಲೆ ಕೆಸರು, ಕೆಳಗೆ ಒಣಕಲು. ಮರುದಿನದ ಬಿಸಿಲಿಗೆ ಮೇಲ್ಪದರ ಹಪ್ಪಳದಂತೆ ಎದ್ದು ಬಂತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಾನು ಸುರಿದ ಒಂದೊಂದು ಕೊಡಕ್ಕೂ ಬಿರುಕು ಬೆಳೆಯಿತು, ಅಷ್ಟೇ. ಇನ್ಯಾರೋ ಹೇಳಿದರು ಅಂತ ಕ್ರಷರ್‌ನಿಂದ ಕಲ್ಲಿನ ಪುಡಿ ತಂದು ಹರಡಿದೆ. ಎರಡೇ ದಿನದಲ್ಲಿ ನಾಲ್ಕು ಜನರ ಮೊಣಕಾಲು ಸುಲಿದವು.

ದೊಡ್ಡಪ್ಪ ಒಂದು ಸಂಜೆ ಬಂದು ನಿಂತು ನೋಡಿದರು. 'ಲೇ, ನಾವು ಕಣ ಮಾಡೋದು ನೀನು ನೋಡಿಲ್ವೇನೋ?' ಅಂದರು. ನೋಡಿದ್ದೆ. ಚಿಕ್ಕವನಿದ್ದಾಗ ಸುಗ್ಗಿಗೆ ಮುಂಚೆ ಕಣ ಕೆತ್ತಿ, ನೀರು ಚಿಮುಕಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಅದು ಹದಕ್ಕೆ ಬಂದಾಗ ತುಳಿಸಿ ಗಟ್ಟಿ ಮಾಡುತ್ತಿದ್ದರು. ರಾಗಿ ಕಾಳು ಮಣ್ಣಲ್ಲಿ ಕಳೆದುಹೋಗಬಾರದಲ್ವಾ, ಅಷ್ಟು ಬಿಗಿಯಾದ ನೆಲ. ವಾಲಿಬಾಲ್‌ಗೆ ಬೇಕಾದದ್ದೂ ಅದೇ. ನನಗೆ ಹೊಳೆದಿರಲಿಲ್ಲ.

ಮುಂದಿನ ಜನವರಿಯಲ್ಲಿ ಕೋರ್ಟನ್ನೇ ಹೊಸದಾಗಿ ಮಾಡಿದೆವು. ಆಟದ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಬಿಟ್ಟರೆ 24ಕ್ಕೆ 15. ಅಷ್ಟು ಜಾಗದ ಎರೆಮಣ್ಣನ್ನು 6 ಇಂಚು ತೆಗೆದು, 4 ಇಂಚು ಗರಸು ತುಂಬಿ ಬಡಿದೆವು. ಮೇಲೆ 2 ಇಂಚು ಜರಡಿ ಹಿಡಿದ ಕೆಮ್ಮಣ್ಣು. ಮೂರು ಪುಟ್ಟಿ ಕೆಮ್ಮಣ್ಣಿಗೆ ಒಂದು ಪುಟ್ಟಿ ಮರಳು, ಒಂದಿಷ್ಟು ಹುತ್ತದ ಮಣ್ಣು. ಮೇಲಿನ ಪದರಕ್ಕೇ ಎಂಟು ಟ್ರ್ಯಾಕ್ಟರ್ ಲೋಡ್ ಹಿಡಿಯಿತು. ಟ್ರ್ಯಾಕ್ಟರ್ ಇದ್ದವರು ಬಾಡಿಗೆ ಕೇಳಲಿಲ್ಲ, ಡೀಸೆಲ್ ಮಾತ್ರ ನಮ್ಮದು.

ಹುತ್ತದ ಮಣ್ಣಿಗೆ ಊರಲ್ಲಿ ಸಣ್ಣ ಗಲಾಟೆಯೇ ಆಯಿತು. ನಾಗಪ್ಪನಿಗೆ ಹಾಲೆರೆಯುವ ಹುತ್ತ ಮುಟ್ಟುವುದುಂಟಾ? ನಾವು ಮುಟ್ಟಲಿಲ್ಲ. ಹೊಲ ಸಮ ಮಾಡುವಾಗ ಜೆಸಿಬಿ ಕೆಡವಿದ್ದ ಪಾಳು ಹುತ್ತದ ಮಣ್ಣು ತಂದೆವು. ಗೆದ್ದಲು ಜೊಲ್ಲು ಕಲೆಸಿ ಕಟ್ಟಿದ ನುಣುಪು ಮಣ್ಣು, ಅಂಟು ಚೆನ್ನಾಗಿರುತ್ತದೆ. ಆಸ್ಟ್ರೇಲಿಯಾದಲ್ಲೂ ಇದೇ ಮಣ್ಣಿಂದ ಟೆನಿಸ್ ಕೋರ್ಟ್ ಮಾಡುತ್ತಿದ್ದರು ಅಂತ ಆಮೇಲೆ ತಿಳಿಯಿತು.

ಮಟ್ಟಕ್ಕೆ ಗಾರೆಯವರ ಲೆವೆಲ್ ಪೈಪ್ ಹಿಡಿದೆವು. ಹೊರಾಂಗಣ ಕೋರ್ಟಿಗೆ ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡಲು ನಿಯಮದಲ್ಲೇ ಅವಕಾಶವಿದೆ. ನಡುವೆ ಎತ್ತರ, ಎರಡೂ ಪಕ್ಕಕ್ಕೆ ಇಳಿಜಾರು. ಹಾಗೇ ಕೋರ್ಟನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿದೆವು. ಮೊದಲು ಪೂರ್ವ-ಪಶ್ಚಿಮಕ್ಕಿತ್ತು, ಸಂಜೆ ಒಂದು ಟೀಮಿಗೆ ಬರೀ ಸೂರ್ಯನೇ ಕಾಣುತ್ತಿದ್ದ.

ಇನ್ನು ನೀರು. ಈಗ ನೀರು ಹಾಕುವುದು ಆಟ ಮುಗಿದ ಮೇಲೆ, ರಾತ್ರಿ ಒಂಬತ್ತಕ್ಕೆ. ಒಂದೇ ಸಲ ಸುರಿಯುವುದಿಲ್ಲ. ಪೈಪಿನ ತುದಿಗೆ ಗಿಡಕ್ಕೆ ಹಾಕುವ ಜಾಲರಿ ಸಿಕ್ಕಿಸಿ ಮೂರು ಸುತ್ತು ಚಿಮುಕಿಸುತ್ತೇವೆ. ಒಂದು ಸುತ್ತು ಇಂಗಿದ ಮೇಲೆ ಮತ್ತೊಂದು. ಸಾವಿರ ಲೀಟರ್ ಟ್ಯಾಂಕ್ ಒಂದು ಖಾಲಿಯಾದರೆ ಇಡೀ ಜಾಗಕ್ಕೆ ಸುಮಾರು 3 ಮಿಲಿಮೀಟರ್ ಮಳೆ ಬಿದ್ದ ಲೆಕ್ಕ. ಅಷ್ಟು ಸಾಕು. ರಾತ್ರಿಯೆಲ್ಲಾ ತೇವ ಕೆಳಗಿಳಿಯುತ್ತದೆ, ಬಿಸಿಲು ಕದಿಯುವುದಿಲ್ಲ.

ಬೆಳಗ್ಗೆ ಆರಕ್ಕೆ ಹೋಗಿ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ ನೋಡುತ್ತೇನೆ. ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಆಗ ದೊಡ್ಡಪ್ಪನ ರೋಣಗಲ್ಲು, ಅಂದರೆ ಕಣದಲ್ಲಿ ಎತ್ತು ಕಟ್ಟಿ ತೆನೆ ಮೇಲೆ ಹಾಯಿಸುತ್ತಿದ್ದ ಗುಂಡುಕಲ್ಲು, ಉರುಳಿಸುತ್ತೇವೆ. ರಾಗಿ ಬಡಿಯಲು ಯಂತ್ರ ಬಂದ ಮೇಲೆ ಅದು ಹಿತ್ತಲಲ್ಲಿ ಕೋಳಿ ಕೂರುವ ಕಲ್ಲಾಗಿತ್ತು. ಎತ್ತಿನ ಬದಲು ನಾಲ್ಕು ಹುಡುಗರು ಎಳೆಯುತ್ತಾರೆ. ಕಲ್ಲಿಗೆ ಮಣ್ಣು ಅಂಟಿತೋ, ನಿಲ್ಲಿಸಿ ಅರ್ಧ ಗಂಟೆ ಕಾಯಬೇಕು. ವಾರಕ್ಕೆ ಎರಡು ದಿನ ಉರುಳಿಸಿದರೆ ಸಾಕು. ಆಟಕ್ಕೆ ಮುಂಚೆ ಧೂಳು ಕೂರಲಿ ಅಂತ ಒಂದು ಚಿಮುಕು, ಅಷ್ಟೇ.

ಕೆಳಗಿನ ಎರೆ ಈಗಲೂ ಒಂದೆರಡು ಕಡೆ ಬಿರುಕನ್ನು ಮೇಲಕ್ಕೆ ಕಳಿಸುತ್ತದೆ. ಅಲ್ಲಿಗೆ ನೀರು ಹಾಕುವುದಿಲ್ಲ. ಒಣ ಕೆಮ್ಮಣ್ಣಿನ ಪುಡಿ ಗುಡಿಸಿ ತುಂಬುತ್ತೇವೆ.

ಆದರೆ ನೀರು ತರುವುದೆಲ್ಲಿಂದ? 'ಕುಡಿಯೋಕೆ ಇಲ್ಲ, ನೀವು ನೆಲಕ್ಕೆ ಸುರೀತೀರಾ?' ಅಂತ ನಲ್ಲಿ ಹತ್ತಿರ ಹೆಂಗಸರು ಬೈದರು. ಬೈದದ್ದು ಸರಿಯೇ. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್, ಉಪ್ಪು ಎರಡೂ ಜಾಸ್ತಿ. ಹಾಗಾಗಿ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಅದು ಬೇಡವೆಂದು ಬಿಡುವ ನೀರು ದಿನವೂ ಚರಂಡಿಗೆ ಹೋಗುತ್ತಿತ್ತು. ಅದಕ್ಕೇ ಪೈಪ್ ಹಾಕಿ ನಮ್ಮ ಟ್ಯಾಂಕಿಗೆ ತಿರುಗಿಸಿದೆ.

ಇದರಲ್ಲೂ ಒಂದು ತೊಂದರೆ ಇದೆ. ಆ ನೀರು ಸೌಳು. ಕಳೆ ಹುಟ್ಟುವುದಿಲ್ಲ, ಅದು ಲಾಭ. ಆದರೆ ಮೇ ಹೊತ್ತಿಗೆ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ, ಮೇಲ್ಪದರ ಬಿರುಸಾಗಿ ಚಕ್ಕೆ ಏಳುತ್ತದೆ. ಮಳೆಗಾಲ ಮುಗಿದ ಮೇಲೆ ಅರ್ಧ ಇಂಚು ಕೆರೆದು ಹೊಸ ಮಣ್ಣು ಹಾಕಲೇಬೇಕು. ಪಕ್ಕದ ಹೊಂಗೆ ಮರದ ಬುಡಕ್ಕಂತೂ ಈ ನೀರು ಬಿಡುವುದಿಲ್ಲ. ಸುಡುಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಚಿಗುರು ಹೊತ್ತು ನಿಲ್ಲುವ ಮರ ಅದು, ನಮಗಿರುವ ನೆರಳು ಅದೊಂದೇ.

ಕಣದಂತೆ ಸಗಣಿಯನ್ನೂ ಸಾರಿಸೋಣ ಅಂತ ದೊಡ್ಡಪ್ಪ ಹೇಳಿದ್ದರು. ಇದೊಂದಕ್ಕೆ ನಾನು ಒಪ್ಪಲಿಲ್ಲ. ಡೈವ್ ಹೊಡೆದು ಕೈಕಾಲು ತರಚುವ ಜಾಗದಲ್ಲಿ ಸಗಣಿ ಇದ್ದರೆ ಧನುರ್ವಾಯು ಭಯ. ಜನ ಕೂತು ನೋಡುವ ಅಂಚಿಗೆ ಮಾತ್ರ ಸಾರಿಸುತ್ತೇವೆ. ಗೆರೆಗೆ ಸುಣ್ಣ ಹಾಕುವುದನ್ನೂ ನಿಲ್ಲಿಸಿದೆವು. ಒಬ್ಬನ ಕಣ್ಣಿಗೆ ಬಿದ್ದು ರಂಪವಾಯಿತು. ಈಗ ಸೀಮೆಸುಣ್ಣದ ಪುಡಿ.

ನೈಲಾನ್ ನೆಟ್ ಬಿಸಿಲಲ್ಲೇ ಬಿಟ್ಟರೆ ಎಳೆ ಪುಡಿಯಾಗುತ್ತದೆ, ಹಾಗಾಗಿ ಆಟ ಮುಗಿದೊಡನೆ ಬಿಚ್ಚಿ ಅಂಗಡಿಗೆ ಒಯ್ಯುತ್ತೇನೆ. ದಿನಾ ಕಟ್ಟುವಾಗ ನಡುವೆ 2.43 ಮೀಟರ್ ಇದೆಯಾ ಅಂತ ಗುರುತು ಹಾಕಿದ ಕೋಲಿನಿಂದ ಅಳೆಯುತ್ತೇವೆ. ಕುಳ್ಳಗಿರುವವರು ಆ ಕೋಲಿನ ಮೇಲೆ ಯಾವಾಗಲೂ ಅನುಮಾನ ಪಡುತ್ತಾರೆ.

ಕಳೆದ ಸಲ ಭರಣಿ ಮಳೆ ಒಂದು ರಾತ್ರಿ ಜೋರಾಗಿ ಹೊಡೆಯಿತು. ಬೆಳಗ್ಗೆ ಹೋಗಿ ನೋಡಿದರೆ ನೀರೆಲ್ಲಾ ಪಕ್ಕಕ್ಕೆ ಹರಿದಿತ್ತು. ದಕ್ಷಿಣದ ತುದಿಯಲ್ಲಿ, ಸರ್ವಿಸ್ ಮಾಡುವವರು ಹಿಮ್ಮಡಿ ಊರುವ ಕಡೆ ಮಾತ್ರ ತಟ್ಟೆಯಗಲ ನಿಂತಿತ್ತು. ಅಲ್ಲೊಂದು ಕಡ್ಡಿ ನೆಟ್ಟು ಬಂದೆ. ನೆಲ ಆರಿದ ಮೇಲೆ ಎರಡು ಪುಟ್ಟಿ ಮಣ್ಣು ಹಾಕಿ ಕಲ್ಲು ಉರುಳಿಸಿದೆವು. ಸಂಜೆ ಐದೂವರೆಗೆ ಆಟ ಶುರುವಾಯಿತು.